ನಂಬರು ಬಿದ್ದ ಮರಗಳು

ಎದ್ದಾಗಿನಿಂದ ಷಣ್ಮುಖಪ್ಪ ಮೂರು ಸಲ ಹಲ್ಲುಜ್ಜಿದ್ದ. ಮೂರನೇ ಸಲಕ್ಕೆ ವಸಡಿನಲ್ಲಿ ರಕ್ತ ಬಂತು. ಸವಳಂಗ ರಸ್ತೆಯ ಆ ಮನೆಯ ಬಚ್ಚಲು ಎಷ್ಟು ಚಿಕ್ಕದೆಂದರೆ ಒಳಗೆ ನಿಂತು ನಿಟ್ಟುಸಿರು ಬಿಟ್ಟರೆ ಅದು ಗೋಡೆಗೆ ಬಡಿದು ವಾಪಸು ಮೂಗಿಗೇ ಬರುತ್ತಿತ್ತು. ಹದಿನೈದು ದಿನದಿಂದ ಅವನು ಬಿಟ್ಟ ನಿಟ್ಟುಸಿರನ್ನೆಲ್ಲ ಒಟ್ಟುಮಾಡಿದ್ದರೆ ಭದ್ರಾವತಿಯ ಕುಲುಮೆಗೆ ಒಂದು ವರ್ಷದ ಗಾಳಿ ಊದಬಹುದಿತ್ತು. ಹೆಂಡತಿ ಉಮಾಮಹೇಶ್ವರಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.

“ಇನ್ನೊಂದು ಸಲ ಉಜ್ಜಿದ್ರೆ ಹಲ್ಲು ಕೈಗೇ ಬರ್ತಾವೆ ರೀ. ಬೊಚ್ಚುಬಾಯಲ್ಲಿ ಸಾಕ್ಷಿ ಹೇಳಿದ್ರೆ ಅವರಿಗೆ ಅರ್ಥ ಆಗ್ಬೇಕಲ್ಲ.”

“ಸಾಕ್ಷಿ ಅಲ್ಲ, ಹೇಳಿಕೆ.”

“ಅದೇ. ಹೌದು ಅನ್ನೋ ಒಂದು ಮಾತಿಗೆ ಇಷ್ಟು ನೀರು ಖರ್ಚು.”

ಹೌದು ಎನ್ನುವ ಮಾತೇ ಎಂದು ಅವಳು ತಾನೇ ತೀರ್ಮಾನಿಸಿಬಿಟ್ಟಿದ್ದಳು. ಅವನು ಬಾಯಿ ಮುಕ್ಕಳಿಸಿ ಉಗುಳಿದ. ನೀರು ಕೆಂಪಗೆ ಹರಿದು ಬಚ್ಚಲ ತೂತಿನಲ್ಲಿ ಮಾಯವಾಯಿತು. ಹನ್ನೊಂದು ಗಂಟೆಗೆ ಭದ್ರಾವತಿಯ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ. ಕೇಳುವುದು ಒಂದೇ ಪ್ರಶ್ನೆ, ಪತ್ರದಲ್ಲೇ ಬರೆದು ಕಳಿಸಿದ್ದರು: ನಂಬರು ಹಾಕಿದರೆ ಮರಗಳಿಗೆ ಅಪಾಯ ಎಂದು ಗಾರ್ಡು ಪೀರ್ ಬಾಷಾ ನಿಮಗೆ ಮುಂಚೆಯೇ ತಿಳಿಸಿದ್ದನೇ? ತಿಳಿಸಿದ್ದ ಎಂದರೆ ತಪ್ಪು ಷಣ್ಮುಖಪ್ಪನದು. ಇಲ್ಲ ಎಂದರೆ ಪೀರ್ ಬಾಷಾನ ಇಪ್ಪತ್ತೆರಡು ವರ್ಷದ ನೌಕರಿ ಹೋಗುತ್ತದೆ, ಅದರ ಹಿಂದೆ ಪಿಂಚಣಿಯೂ ಹೋಗುತ್ತದೆ. ಪೀರ್ ಬಾಷಾ ಆಡಿದ ಮಾತನ್ನು ಕೇಳಿದ ಇನ್ನೊಂದು ಕಿವಿ ಇರಲಿಲ್ಲ. ಆವತ್ತು ಹಳ್ಳದ ದಂಡೆಯಲ್ಲಿ ಅವರಿಬ್ಬರೇ ಇದ್ದರು, ಮತ್ತೆ ಮರಗಳಿದ್ದವು. ಮರಗಳು ಈಗಿಲ್ಲ.

ಮೂವತ್ತೇಳು ಮರ. ಭದ್ರಾವತಿಯಾಚೆ ಕಲ್ಲುಮಟ್ಟಿಯ ಹಳ್ಳದಲ್ಲಿ, ಬೇಸಿಗೆಯಲ್ಲೂ ಕಾಲು ಹುಗಿಯುವ ಕೆಸರಿನಲ್ಲಿ, ಮೊಣಕಾಲು ಮಡಿಚಿ ಕೂತ ಮುದುಕಿಯರ ಹಾಗೆ ಬೇರುಗಳನ್ನು ಮೇಲಕ್ಕೆ ಎತ್ತಿಕೊಂಡು ನಿಂತಿದ್ದವು. ಊರಿನವರ ಬಾಯಲ್ಲಿ ಅವಕ್ಕೆ ಹೆಸರೇ ಇರಲಿಲ್ಲ. ಸೌದೆಗೆ ಹೊಗೆ ಜಾಸ್ತಿ, ತೊಲೆಗೆ ಗಟ್ಟಿಯಿಲ್ಲ, ಹಣ್ಣು ತಿನ್ನುವ ಹಾಗಿಲ್ಲ. ಅಂಥ ಮರಕ್ಕೆ ಯಾರು ಹೆಸರಿಟ್ಟು ನಾಮಕರಣ ಮಾಡುತ್ತಾರೆ. ಷಣ್ಮುಖಪ್ಪ ಐವತ್ತನಾಲ್ಕನೇ ಇಸವಿಯಲ್ಲಿ ಮೊದಲ ಸಲ ಅವನ್ನು ಕಂಡಾಗ, ಇಷ್ಟು ಅಪರೂಪದ ಜಾತಿ ಇಲ್ಲಿದೆಯಲ್ಲ ಎಂದು ಬೆರಗಾಗಿ ಕೆಸರಲ್ಲೇ ಕೂತುಬಿಟ್ಟಿದ್ದ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತ, ಬಿಡುವಿನಲ್ಲಿ ಅರಣ್ಯ ಸಂರಕ್ಷಣಾ ಸಮಿತಿಯ ಕೆಲಸ ಮಾಡುತ್ತ, ಜಿಲ್ಲೆಯಲ್ಲಿ ಅವನು ಮಾಡದ ಭಾಷಣ ಇರಲಿಲ್ಲ. ವನಮಹೋತ್ಸವದಲ್ಲಿ ಅವನು ನೆಟ್ಟ ಸಸಿಗಳನ್ನು ತಿಂದು ಶಿವಮೊಗ್ಗದ ಆಡುಗಳು ಎಮ್ಮೆಗಾತ್ರ ಆಗಿದ್ದವು. ಅವನು ಭಾಷಣ ಮುಗಿಸುವುದನ್ನೇ ಬೇಲಿಯಾಚೆ ಕಾಯುತ್ತಿದ್ದವು. ಹತ್ತು ವರ್ಷದಲ್ಲಿ ಅವನು ನಿಜವಾಗಿ ಉಳಿಸಿದ್ದೇನು ಎಂದು ಯಾರಾದರೂ ಎದೆಯ ಮೇಲೆ ಕೂತು ಕೇಳಿದ್ದರೆ ಹೇಳುವುದಕ್ಕೆ ಆ ಮೂವತ್ತೇಳೇ ಇದ್ದವು. ಕಡಿಯಲು ಗೊತ್ತುಮಾಡಿದ ಕಾಡಿನ ತುಂಡಿನಲ್ಲಿ, ಅಂದರೆ ಕೂಪಿನಲ್ಲಿ, ಅವನ್ನು ಮುಟ್ಟಬಾರದು ಎಂದು ಆರ್ಡರು ತರಲು ನಾಲ್ಕು ವರ್ಷ ಮೆಟ್ಟಿಲು ಹತ್ತಿದ್ದ. ಆರ್ಡರು ಬಂತು. ಯಾವ ಮೂವತ್ತೇಳು ಎಂದು ಗುರುತು ಬೇಕಲ್ಲ. ಹಳೆಯ ಎಣ್ಣೆಡಬ್ಬದ ತಗಡು ಕತ್ತರಿಸಿ, ಒಂದರಿಂದ ಮೂವತ್ತೇಳರವರೆಗೆ ನಂಬರು ಕೊರೆಸಿ, ಪೀರ್ ಬಾಷಾನ ಕೈಗೆ ಸುತ್ತಿಗೆ ಕೊಟ್ಟು ತಾನೇ ಎದುರು ನಿಂತು ಹೊಡೆಸಿದ.

ಏಳನೆಯ ಮರಕ್ಕೆ ಬಂದಾಗ ಪೀರ್ ಬಾಷಾ ಸುತ್ತಿಗೆ ಇಳಿಸಿದ್ದ. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೇಳಿದ.

“ಒಂದು ಮಾತು ಸಾರ್. ಈ ಕಡೆ ನಂಬರು ಬಿದ್ದ ಮರ ಅಂದ್ರೆ ಕಡಿಯೋ ಮರ. ಕೊಡಲಿಯವ್ರಿಗೆ ಓದು ಬರಲ್ಲ, ಆರ್ಡರು ಗೊತ್ತಿಲ್ಲ. ನಂಬರು ಕಂಡ್ರೆ ಕೈ ತಾನೇ ಏಳುತ್ತೆ. ನಂಬರಿಲ್ಲದ್ದು ಕಡಿದ್ರೆ ಕೇಸು, ನಂಬರಿದ್ದದ್ದು ಬಿಟ್ರೆ ಕೂಲಿ ಖೋತಾ. ಅಷ್ಟೇ ಗೊತ್ತು ಅವ್ರಿಗೆ.”

“ಪ್ರಪಂಚದಲ್ಲೆಲ್ಲ ಹೀಗೇ ಮಾಡೋದು, ಪೀರ್ ಬಾಷಾ.”

“ಪ್ರಪಂಚ ಇಲ್ಲಿಗೆ ಕಡಿಯೋಕೆ ಬರಲ್ವಲ್ಲ ಸಾರ್. ನಮ್ಮ ಮಾರಿಮುತ್ತು ಗ್ಯಾಂಗು ಬರುತ್ತೆ.”

ಷಣ್ಮುಖಪ್ಪ ನಕ್ಕಿದ್ದ. ಆ ನಗು ಈಗ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ, ಕನ್ನಡಿಯಲ್ಲಿ ತನ್ನ ಮುಖದ ಮೇಲೆ ಎಲ್ಲಾದರೂ ಅಂಟಿಕೊಂಡಿದೆಯೇ ಎಂದು ನೋಡಿದ. ರೇಂಜ್ ಆಫೀಸಿಗೆ ನಾನೇ ಕಾಗದ ಬರೀತೀನಿ, ನೀನು ಯಾರ ಹತ್ರಾನೂ ಹೇಳಕ್ಕೆ ಹೋಗಿ ಗೊಂದಲ ಮಾಡಬೇಡ, ನೀನು ಮೊಳೆ ಹೊಡಿ, ಅಂದಿದ್ದ. ಮನೆಗೆ ಬಂದವನು ಕಾಗದ ಬರೆಯಲು ಕೂತದ್ದೂ ನಿಜ. ಮೇಜಿನ ಮೇಲೆ ಆ ಮರದ ಹೂವಿನ ಚಿತ್ರ ಅರ್ಧಕ್ಕೆ ನಿಂತಿತ್ತು. ಕೇಸರದ ಗೆರೆ ಒಂದೆರಡು ಎಳೆದು ಆಮೇಲೆ ಬರೆದರಾಯಿತು ಅಂದುಕೊಂಡ. ಗೆರೆಗೆ ಗೆರೆ ಸೇರಿ ಕತ್ತಲಾಯಿತು. ಮಾರನೆಯ ದಿನ ಕಾಲೇಜು, ಅದರ ಮಾರನೆಯ ದಿನ ಸಮಿತಿ. ಹೂವಿನ ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ದುಂಬಿ ಬಂದು ಕೂರುತ್ತದೆ ಎಂದು ಉಮಾಮಹೇಶ್ವರಿ ಕಿಟಕಿ ಹಾಕಿದಳು. ಕಾಗದ ಮಾತ್ರ ಹೋಗಲಿಲ್ಲ. ಇಪ್ಪತ್ತು ದಿನಕ್ಕೆ ಕೂಪಿನ ಕಡಿತ ಶುರುವಾಯಿತು. ಪೀರ್ ಬಾಷಾ ಕಾಡಿನ ಇನ್ನೊಂದು ತುದಿಯಲ್ಲಿದ್ದ; ಸುದ್ದಿ ತಿಳಿದು ಓಡಿಬರುವ ಹೊತ್ತಿಗೆ ಎರಡು ದಿನದ ಕೆಲಸ ಮುಗಿದಿತ್ತು. ಗ್ಯಾಂಗಿನವರು ಬಹಳ ಚೊಕ್ಕವಾಗಿ ಕೆಲಸ ಮಾಡಿದ್ದರು. ಸುತ್ತಲಿನ ನಂಬರಿಲ್ಲದ ಒಂದು ಮರವನ್ನೂ ಮುಟ್ಟಿರಲಿಲ್ಲ. ತಗಡುಗಳನ್ನು ಕಿತ್ತು, ತಂತಿಗೆ ಪೋಣಿಸಿ, ಒಂದೂ ತಪ್ಪದ ಹಾಗೆ ಕೂಲಿಯ ಲೆಕ್ಕಕ್ಕೆ ತಂದು ಒಪ್ಪಿಸಿದ್ದರು.

“ರೋಶನ್ ಬೀ ನಿನ್ನೆ ಬಂದಿದ್ಲು,” ಎಂದಳು ಉಮಾಮಹೇಶ್ವರಿ, ತಟ್ಟೆಗೆ ರೊಟ್ಟಿ ಹಾಕುತ್ತ. ಅವಳು ಪೀರ್ ಬಾಷಾನ ಹೆಂಡತಿ. “ನೀವು ಒಳಗೆ ಕದ ಹಾಕ್ಕೊಂಡು ಕೂತಿದ್ರಿ. ಅಳಲಿಲ್ಲ, ಏನೂ ಕೇಳಲಿಲ್ಲ. ನನ್ನ ಜೊತೆ ಕೂತು ಅರ್ಧ ಸೇರು ಅವರೆಕಾಯಿ ಬಿಡಿಸಿಕೊಟ್ಟು ಹೋದ್ಲು.”

“ಮತ್ತೆ ಯಾಕೆ ಬಂದಿದ್ಲಂತೆ?”

“ಅವರೆಕಾಯಿ ಬಿಡ್ಸೋಕೆ ಅಂತ ಹೇಳಿದ್ನಲ್ಲ.” ಅವಳು ಪಲ್ಯದ ಪಾತ್ರೆಯನ್ನು ಅವನ ಮುಂದೆ ಸದ್ದಾಗುವಂತೆ ಇಟ್ಟಳು. “ತಿನ್ನಿ. ಅದೇ ಕಾಳು.”

ಅವನು ರೊಟ್ಟಿಯನ್ನು ಬರಿದೇ ತಿಂದು ಎದ್ದ.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅದು ಇವತ್ತಿನ ಮೊದಲ ಒಳ್ಳೆಯ ಸಂಗತಿ ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಪಕ್ಕದಲ್ಲಿ ಬಂದು ಕೂತವಳು ಬಂಗಾರಮ್ಮ, ಸಂತೆಗಳಲ್ಲಿ ಬಳೆ ಮಾರುವ ಹೆಂಗಸು. ಬಳೆಯ ಮಲಾರವನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು.

“ನೀವು ಗಿಡದ ಮೇಷ್ಟ್ರಲ್ವಾ? ಹೋದ ವರ್ಷ ಸಂತೆಮಾಳದಲ್ಲಿ ಕಾಡು ಕಡೀಬೇಡಿ ಅಂತ ಎರಡು ಗಂಟೆ ಮಾತಾಡಿದ್ರಿ. ನನ್ನ ಒಂದು ಬಳೆ ಮಾರಾಟ ಆಗ್ಲಿಲ್ಲ ಆವತ್ತು.”

“ಹೌದು,” ಎಂದ. ಬೆಳಗಿನಿಂದ ಬಾಯಿಂದ ಹೊರಟ ಮೊದಲನೆಯ ಹೌದು.

“ಮಂಡಿನೋವಿಗೆ ಯಾವ ಬೇರು ಒಳ್ಳೇದು ಹೇಳಿ.”

“ನನಗೆ ಔಷಧಿ ಗೊತ್ತಿಲ್ಲಮ್ಮ.”

“ಮತ್ತೆ ಗಿಡದ ಬಗ್ಗೆ ಏನು ಗೊತ್ತು ಮಾರಾಯ್ರೆ?”

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ನಕ್ಕರು. ಷಣ್ಮುಖಪ್ಪ ಕಿಟಕಿಯಾಚೆ ಮುಖ ಮಾಡಿದ. ಇಂಥ ನಗುವಿಗೆ ಅವನ ಚರ್ಮ ಆನೆಯದಾಗಿ ಎಷ್ಟೋ ಕಾಲವಾಗಿತ್ತು. ಇವತ್ತು ಮಾತ್ರ ಅದು ಒಳಗಿಳಿಯಿತು. ಬಸ್ಸಿನ ಮುಂದೆ ಇದ್ದಲಿನ ಲಾರಿಯೊಂದು ಹೋಗುತ್ತಿತ್ತು; ಕೂಪಿನಲ್ಲಿ ಕಡಿದದ್ದೆಲ್ಲ ಸುಟ್ಟು ಇದ್ದಲಾಗಿ ಭದ್ರಾವತಿಗೇ ಬರುತ್ತಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಲಾರಿ ಎಗರಿ ಕಪ್ಪು ಪುಡಿ ಉದುರಿಸುತ್ತಿತ್ತು. ಪುಡಿ ಹಾರಿಬಂದು ಅವನ ಬಿಳಿ ಅಂಗಿಯ ತೋಳಿನ ಮೇಲೆ ಕೂತಿತು. ಒರೆಸಿದ. ಗೆರೆಯಾಯಿತು. ಮತ್ತೆ ಒರೆಸಿದ. ಮೊನ್ನೆ ಸಮಿತಿಯ ಅಧ್ಯಕ್ಷ ಶಿವಶಂಕರಪ್ಪ ಮನೆಗೇ ಬಂದು, ಮಡಿಚಿದ ಕೊಡೆಯನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ದೇವರ ಮುಂದೆ ಮಾತಾಡುವವರ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ್ದರು. “ಆಯನೂರಿನ ಕಾಡು ಕಡೀದೆ ಉಳಿಸೋ ಕಡತ ಸಹಿಗೆ ಹೋಗಿದೆ ಷಣ್ಮುಖಪ್ಪ. ನಾಲ್ಕು ಸಾವಿರ ಎಕರೆ. ನಿಮ್ಮ ಹೆಸರಿನ ಮೇಲೆ ನಿಂತಿದೆ ಅದು. ಮೂವತ್ತೇಳು ಮರ ಕಡಿಸಿದ ಪಂಡಿತ ಇವನೇನಾ ಅಂತ ಮೇಲಿನೋರು ಒಂದು ಮಾತು ಅಂದ್ರೆ ಕಡತ ಕೆಳಗೆ ಬರುತ್ತೆ. ಗಾರ್ಡಿಗೆ ಬೇರೆ ಕಡೆ ಕೆಲಸ ನೋಡೋಣ. ಮಿಲ್ಲಿನಲ್ಲಿ ಕಾವಲುಗಾರ ಬೇಕಂತೆ.” ನಾಲ್ಕು ಸಾವಿರ ಎಕರೆ. ಷಣ್ಮುಖಪ್ಪ ಅದನ್ನು ತಕ್ಕಡಿಯ ಒಂದು ಕಡೆ ಇಟ್ಟ. ಇನ್ನೊಂದು ಕಡೆ ಮೊಳೆ ಕಚ್ಚಿದ ಒಂದು ಬಾಯಿ. ಇಡೀ ಬಸ್ಸಿನ ದಾರಿ ತೂಗಿದ. ಪ್ರತಿಸಲವೂ ಕಾಡೇ ಭಾರವಾಯಿತು. ಪ್ರತಿಸಲವೂ ತಕ್ಕಡಿ ಹಿಡಿದ ಕೈ ತನ್ನದೇ ಎಂಬುದು ಕಂಡಿತು. ಆಯನೂರಿನ ಕಾಡು ಉಳಿಯಲಿ ಎಂದು ತಾನು ಬಯಸುತ್ತಿರುವುದೋ, ಅದನ್ನು ಉಳಿಸಿದವನು ತಾನಾಗಿರಬೇಕು ಎಂದೋ. ಬಂಗಾರಮ್ಮ ಅಷ್ಟರಲ್ಲಿ ಅವನ ಭುಜದ ಮೇಲೆ ತೂಕಡಿಸಿ, ಲೋಕದ ಚಿಂತೆಯೇ ಇಲ್ಲದವಳಂತೆ ಗೊರಕೆ ಹೊಡೆಯುತ್ತಿದ್ದಳು. ಅವಳ ತಲೆಯನ್ನು ಸರಿಸುವ ಧೈರ್ಯವೂ ಅವನಿಗೆ ಬರಲಿಲ್ಲ.

ಭದ್ರಾವತಿಯಲ್ಲಿ ಇಳಿದಾಗ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಂಗಲೆಯ ದಾರಿಯ ಚಹಾದಂಗಡಿಯಲ್ಲಿ ಬೆಂಚಿನ ಮೇಲೆ ಕೂತ. ಕಾರ್ಖಾನೆಯ ಪಾಳಿ ಮುಗಿಸಿದ ಗಂಡಸರು ತಮಿಳಿನಲ್ಲಿ ಯಾರನ್ನೋ ಬೈಯುತ್ತ ಚಹಾ ಹೀರುತ್ತಿದ್ದರು. ಒಲೆಯ ಪಕ್ಕದ ಬುಟ್ಟಿಯಲ್ಲಿ ಇದ್ದಲಿತ್ತು. ಬೇಡ ಬೇಡ ಎಂದು ಅಂದುಕೊಳ್ಳುತ್ತಲೇ ಒಂದು ತುಂಡು ಎತ್ತಿಕೊಂಡ. ಎರಡಾಗಿ ಮುರಿದ. ಮುರಿದ ಮುಖವನ್ನು ಬೆಳಕಿಗೆ ಹಿಡಿದ. ಸುಟ್ಟರೂ ಮರ ತನ್ನ ಕುಲ ಬಿಟ್ಟುಕೊಡುವುದಿಲ್ಲ, ಒಳಗಿನ ರಂಧ್ರಗಳ ಸಾಲು ಹಾಗೇ ಇರುತ್ತದೆ ಎಂದು ಹುಡುಗರಿಗೆ ಪಾಠ ಹೇಳಿದ್ದ. ಇದು ಮತ್ತಿ. ಇನ್ನೊಂದು ಮುರಿದ. ಮತ್ತಿಯೇ. ಮೂರನೆಯದು ಹೊನ್ನೆ. ನಾಲ್ಕನೆಯದನ್ನು ಮುರಿದು ಕಣ್ಣಿಗೆ ಇನ್ನೂ ಹತ್ತಿರ ಹಿಡಿದ. ಅದೂ ಮತ್ತಿಯಾಗಿತ್ತು. ಸಮಾಧಾನವಾಗಬೇಕಿತ್ತು. ಬದಲಿಗೆ, ತನ್ನ ಮರ ಸಿಕ್ಕಲಿಲ್ಲವಲ್ಲ ಎಂದು ಒಂದು ಹಸಿವೆ ಎದ್ದಿತು. ಬುಟ್ಟಿಯನ್ನೇ ಮಡಿಲಿಗೆ ಎಳೆದುಕೊಂಡು ಮುರಿಯುವುದಕ್ಕೆ ಕೈ ಹಾಕಿದ.

“ಏನ್ ಸ್ವಾಮಿ, ಚಹಾಕ್ಕೆ ಇದ್ದಲು ನೆಂಚ್ಕೋತೀರಾ?” ಎಂದ ಅಂಗಡಿಯವನು. “ನಮ್ಮ ಒಲೆ ಆರೋಗುತ್ತೆ, ಅಷ್ಟು ಬಿಡಿ.”

ಎಲ್ಲರೂ ನಕ್ಕರು. ಅವನು ಕೈ ಜಾಡಿಸಿ ಎದ್ದು ನಿಂತ. ರಸ್ತೆಯಾಚೆ ಪೀರ್ ಬಾಷಾ ನಿಂತಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಸೊಂಟದ ಪಟ್ಟಿ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ನಗಲಿಲ್ಲ. ದಾಟಿ ಬಂದು ತನ್ನ ಕರವಸ್ತ್ರ ಚಾಚಿದ.

“ಕೈ ಒರೆಸ್ಕೊಳ್ಳಿ ಸಾರ್. ಹಿಂಗೇ ಒಳಗೆ ಹೋದ್ರೆ ನೀವೇ ಸುಟ್ಟಿದ್ದು ಅಂತಾರೆ.”

ಷಣ್ಮುಖಪ್ಪ ಒರೆಸಿಕೊಂಡ. ಬಿಳಿಯ ಕರವಸ್ತ್ರ ಕಪ್ಪಾಯಿತು. ವಾಪಸು ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ ನಿಂತ. ಪೀರ್ ಬಾಷಾನೇ ತೆಗೆದುಕೊಂಡು ಮಡಿಚಿ ಜೇಬಿಗೆ ಹಾಕಿಕೊಂಡ.

“ಜ್ವರ ಬಂದವರ ಹಾಗಿದೀರಿ,” ಎಂದ. “ಯಾಕೆ ಹೆದರ್ತೀರಾ. ಆವತ್ತು ನಡೆದದ್ದು ನಡೆದ ಹಾಗೆ ಹೇಳಿ, ಮುಗೀತು. ನಿಮ್ಮನ್ನ ಯಾರು ಏನು ಮಾಡ್ತಾರೆ? ಹೆಚ್ಚಂದ್ರೆ ಒಂದು ಕಾಗದದಲ್ಲಿ ಬೈತಾರೆ. ಕಾಗದದ ಬೈಗುಳ ಮೈಗೆ ಹತ್ತಲ್ಲ.”

ಅವನು ಇಷ್ಟು ನಂಬಿಕೊಂಡು ಬಂದಿದ್ದಾನಲ್ಲ ಎಂದು ಷಣ್ಮುಖಪ್ಪನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಬಂಗಲೆಯ ಗೇಟಿನವರೆಗೂ ಅದು ಅವನಿಗೆ ಆಸರೆಯಾಯಿತು.

ವಿಚಾರಣೆಗೆ ಬಂದಿದ್ದ ಅಧಿಕಾರಿ ಶ್ರೀನಿವಾಸಮೂರ್ತಿ ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಷಣ್ಮುಖಪ್ಪನಿಗೆ ಕುರ್ಚಿ ಹಾಕಿಸಿದರು. ಪೀರ್ ಬಾಷಾ ಗೋಡೆಯ ಹತ್ತಿರ ನಿಂತ. ಗುಮಾಸ್ತ ಭೈರಪ್ಪ ಕಾಗದ ನೆಟ್ಟಗೆ ಮಾಡಿಕೊಂಡ. ಹೆಸರು, ವಯಸ್ಸು, ಉದ್ಯೋಗ ಆಯಿತು. ಆಮೇಲೆ ಪ್ರಶ್ನೆ ಬಂತು. ಪತ್ರದಲ್ಲಿದ್ದ ಹಾಗೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ. ಷಣ್ಮುಖಪ್ಪ ಮೇಜಿನ ಹಲಗೆ ನೋಡಿದ. ತೇಗ. ಕತ್ತರಿಸಿದ್ದು ಅಡ್ಡವಾಗಿ. ಹೌದು ಎನ್ನುವುದಕ್ಕೆ ಬಾಯಿ ತೆರೆದದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನೆನಪಿಲ್ಲ,” ಎಂದಿತು ಬಾಯಿ.

ಗೋಡೆಯ ಹತ್ತಿರ ಬೂಟು ಸರಿದ ಸದ್ದಾಯಿತು. ಭೈರಪ್ಪ ಬರೆದುಕೊಂಡ. ಎಷ್ಟು ಸುಲಭವಾಯಿತು ಎಂದು ಷಣ್ಮುಖಪ್ಪನಿಗೆ ಆಶ್ಚರ್ಯ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಎರಡರ ನಡುವೆ ಇಷ್ಟು ಅಗಲದ ಜಗಲಿ ಇತ್ತು, ಹದಿನೈದು ದಿನ ತಾನು ಸುಮ್ಮನೆ ಮಳೆಯಲ್ಲಿ ನಿಂತಿದ್ದ.

“ಸ್ವಾಮಿ, ಒಂದು ಕೇಳ್ಲಾ?” ಎಂದ ಪೀರ್ ಬಾಷಾ.

“ಕೇಳು,” ಎಂದರು ಶ್ರೀನಿವಾಸಮೂರ್ತಿ. “ಅದಕ್ಕೆ ನಿನಗೆ ಅವಕಾಶ ಇದೆ.”

“ಸಾರ್‌ಗೆ ಹದಿನಾಲ್ಕನೇ ಮರದ ವಿಷಯ ಕೇಳಿ.”

ಅಧಿಕಾರಿ ಹುಬ್ಬೇರಿಸಿ ಷಣ್ಮುಖಪ್ಪನ ಕಡೆ ನೋಡಿದರು. ಅವನು ಸುಮ್ಮನಿರಬಹುದಿತ್ತು. ಆದರೆ ಹದಿನಾಲ್ಕು ಎಂದ ಕೂಡಲೇ ಅದು ಎದುರಿಗೆ ಬಂದು ನಿಂತಿತು, ಕೆಸರಿನ ವಾಸನೆ ಸಮೇತ.

“ಸುತ್ತಳತೆ ಆರೂಕಾಲು ಅಡಿ,” ಎಂದ. “ಹಳ್ಳದ ಕಡೆ ವಾಲಿತ್ತು. ಎಡಗಡೆಯ ಬೇರಿನ ಸಂದಿಯಲ್ಲಿ ಏಡಿ ಇರ್ತಿತ್ತು. ಎಲ್ಲಕ್ಕಿಂತ ಮೊದಲು ಹೂ ಬಿಡ್ತಿದ್ದದ್ದು ಅದು. ಐವತ್ತೆಂಟನೇ ಇಸವಿ, ಏಪ್ರಿಲ್ ಒಂಬತ್ತು, ಬುಧವಾರ. ಬೆಳಿಗ್ಗೆ ಆರೂವರೆಗೆ ಅರಳಿತು, ಹತ್ತಕ್ಕೆಲ್ಲ ಉದುರೋಕೆ ಶುರು. ಆ ವರ್ಷ ಒಂದೇ ಕಾಯಿ ಕಚ್ಚಿದ್ದು. ಅಳಿಲು ತಿಂದುಬಿಡ್ತು.”

“ಆವತ್ತು ಮರ ಹತ್ತಿದ್ಯಾರು ಸಾರ್?”

“ನೀನು.”

“ಮೇಲಿಂದ ನಾನು ಏನಂದೆ?”

“ಇದಕ್ಕೆ ಎಳೆಗರುವಿನ ಮೈ ವಾಸನೆ ಇದೆ ಸಾರ್ ಅಂದೆ.” ಷಣ್ಮುಖಪ್ಪನ ದನಿ ಸಣ್ಣಗಾಯಿತು. “ಅದನ್ನೇ ನಾನು ಇಂಗ್ಲಿಷಿನಲ್ಲಿ ಬರೆದೆ. ಅದಕ್ಕಿಂತ ಸರಿಯಾಗಿ ಹೇಳೋಕೆ ನನಗೆ ಬರಲಿಲ್ಲ.”

ಅವನ ಕಣ್ಣು ತುಂಬಿತ್ತು. ಕನ್ನಡಕ ತೆಗೆದು ಒರೆಸಿಕೊಂಡ. ಭೈರಪ್ಪ ಲೇಖನಿ ಎತ್ತಿ ಹಿಡಿದು ಅಧಿಕಾರಿಯ ಮುಖ ನೋಡಿದ. ಇದನ್ನೆಲ್ಲ ಬರೆಯುವುದೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು. ರಾಟೆ ಕಿರುಗುಟ್ಟಿ ನಿಂತಿತು, ಮತ್ತೆ ಕಿರುಗುಟ್ಟಿತು.

ಶ್ರೀನಿವಾಸಮೂರ್ತಿ ಕೆಮ್ಮಿದರು. “ಐದು ವರ್ಷದ ಹಿಂದಿನ ಮಾತು ಇಷ್ಟು ನೆನಪಿಟ್ಟಿದೀರಿ, ಮೇಷ್ಟ್ರೇ. ನಾವು ಕೇಳ್ತಿರೋದು ಹೋದ ತಿಂಗಳಿಂದು.” ದನಿ ಮೊದಲಿನಷ್ಟೇ ಮೆತ್ತಗಿತ್ತು. “ನೆನಪಿಲ್ಲ ಅಂತ ಬರಕೊಂಡಿದಾರೆ. ತಿದ್ದಬೇಕಾ?”

ತಿದ್ದುವುದಕ್ಕೆ ಅವರು ಬಹಳ ಹೊತ್ತು ಕೊಟ್ಟರು. ಅಷ್ಟು ಹೊತ್ತಿನಲ್ಲಿ ಒಂದು ಬೀಜ ಮೊಳೆತು ಮರವಾಗಿ ನೆರಳು ಕೊಡಬಹುದಿತ್ತು. ಷಣ್ಮುಖಪ್ಪ ಆಯನೂರಿನ ನಾಲ್ಕು ಸಾವಿರ ಎಕರೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಒಂದು ಎಲೆಯೂ ಬರಲಿಲ್ಲ. ಬಂದದ್ದು ನಾಳೆಯ ಕಾಲೇಜಿನ ಸ್ಟಾಫ್ ರೂಮು, ಅಲ್ಲಿ ತಾನು ಒಳಗೆ ಬಂದ ಕೂಡಲೇ ನಿಲ್ಲುವ ಮಾತು.

“ಬೇಡ,” ಎಂದ.

ಭೈರಪ್ಪ ಕಾಗದ ಮುಂದೆ ಸರಿಸಿದ. ಷಣ್ಮುಖಪ್ಪ ಸಹಿ ಮಾಡಿದ. ಹೂವಿನ ಚಿತ್ರಗಳ ಕೆಳಗೆ ಮಾಡುವ ಸಹಿಯೇ, ದುಂಡಗೆ, ಒಂದೂ ಅಕ್ಷರ ನಡುಗದೆ ಬಂತು.

ಹೊರಗೆ ಬಂದಾಗ ಜಗಲಿಯ ಮೇಲೆ ಪೀರ್ ಬಾಷಾ ಸೊಂಟದ ಪಟ್ಟಿ ಬಿಚ್ಚುತ್ತಿದ್ದ. ಅವನ ಮಾತಿಗೆ ಸಾಕ್ಷಿಯಿಲ್ಲವೆಂದಾಗಿತ್ತು; ನೌಕರಿಯ ಬಗ್ಗೆ ಆರ್ಡರು ಬರುವತನಕ ಪಟ್ಟಿ, ಬಿಲ್ಲೆ ಎರಡೂ ಇಲ್ಲೇ ಇರಲಿ ಎಂದು ಹೇಳಿದ್ದರಂತೆ. ಇಪ್ಪತ್ತೆರಡು ವರ್ಷ ಒಂದೇ ತೂತಿಗೆ ಬಿಗಿದ ಪಟ್ಟಿ ಬಿಚ್ಚಿಕೊಳ್ಳಲು ಒಪ್ಪದೆ ಸತಾಯಿಸಿತು. ಬಿಚ್ಚಿದ ಮೇಲೆ ಅವನ ಅಂಗಿ ಗಾಳಿಗೆ ಉಬ್ಬಿ, ಅವನು ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಕಂಡ. ಷಣ್ಮುಖಪ್ಪ ಎರಡು ಹೆಜ್ಜೆ ದೂರದಲ್ಲಿ ನಿಂತ. ಮಿಲ್ಲಿನಲ್ಲಿ ಕಾವಲುಗಾರ ಬೇಕಂತೆ ಎನ್ನುವ ಮಾತು ಗಂಟಲವರೆಗೆ ಬಂತು. ಅದನ್ನು ಆಡುವಷ್ಟು ಕೆಟ್ಟವನು ತಾನಲ್ಲ ಎಂದುಕೊಂಡ. ಅಷ್ಟಕ್ಕೇ ಒಂದು ಚಿಟಿಕೆ ಹೆಮ್ಮೆಯೂ ಆಯಿತು.

“ಬೈದುಬಿಡು ಪೀರ್ ಬಾಷಾ,” ಎಂದ.

ಪೀರ್ ಬಾಷಾ ಪಟ್ಟಿಯನ್ನು ಸುರುಳಿ ಸುತ್ತಿದ. ಅದರ ಮೇಲೆ ಬಿಲ್ಲೆ ಇಟ್ಟು ಭೈರಪ್ಪನ ಕೈಗೆ ಕೊಟ್ಟ. ಚಪ್ಪರದ ಕಂಬ ಹಿಡಿದು ಒಂದು ಮೆಟ್ಟಿಲು ಇಳಿದವನು ನಿಂತು, ತಿರುಗದೆ ಹೇಳಿದ.

“ಹದಿನಾಲ್ಕನೇ ಮರದ ವಿಷಯ ಹೇಳ್ಬೇಕಾದ್ರೆ ನಿಮ್ಮ ಕಣ್ಣಲ್ಲಿ ನೀರು ಬಂತಲ್ಲ ಸಾರ್. ಒಂದು ಗಳಿಗೆ ನಾನು ಅದು ನನಗೆ ಅಂತ ಅಂದ್ಕೊಂಬಿಟ್ಟೆ.”

ಅವನ ದನಿಯಲ್ಲಿ ಚುಚ್ಚು ಇದ್ದೀತೆಂದು ಷಣ್ಮುಖಪ್ಪ ಹುಡುಕಿದ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೀರ್ ಬಾಷಾ ಉಳಿದ ಮೆಟ್ಟಿಲು ಇಳಿದು, ಬಿಸಿಲಲ್ಲಿ ಅಂಗಿಯನ್ನು ಎರಡು ಕೈಯಿಂದ ಸೊಂಟಕ್ಕೆ ಒತ್ತಿ ಹಿಡಿದುಕೊಂಡು, ಗೇಟಿನ ಕಡೆ ನಡೆದ.